ಹೊತ್ತು ಮೀರಿದ ಹೊತ್ತಗೆ

ಎಲ್ಲ ಹಾಳಾದದ್ದು ಒಂದು ಸೌಟು ಬೇಳೆ ಸಾರಿನಿಂದ.

ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಕಲಿಯಲೆಂದು ಪೊಲಿಖ್ರೋನಿಸ್ ಊರ ಗ್ರಂಥಾಲಯದಿಂದ ದ್ವೀಪದ ಅಜ್ಜಿಯರ ಅಡುಗೆ ಪುಸ್ತಕ ತಂದಿದ್ದ. ಮೊದಲ ದಿನವೇ ಅದರ ಮೇಲೆ ಸಾರು ಚೆಲ್ಲಿತು. ಒರೆಸಲು ಹೋದಾಗ ಆಲಿವ್ ಎಣ್ಣೆಯ ಶೀಶೆಯೂ ಉರುಳಿತು. ಇಂಥದ್ದನ್ನು ಹಿಡಿದು ಗ್ರಂಥಪಾಲಕಿ ಥೆಕ್ಲಾಳ ಎದುರು ನಿಲ್ಲುವುದು ಹೇಗೆ? ನಾಳೆ, ನಾಳೆ ಎನ್ನುತ್ತಲೇ ವರ್ಷಗಳು ಕಳೆದವು. ಅಡುಗೆಯೇನೋ ಬಂತು, ಗ್ರಂಥಾಲಯದ ಬೀದಿ ತಪ್ಪಿತು. ಬ್ರೆಡ್ಡು ತರಲೂ ಆತ ಮೀನುಪೇಟೆ ಸುತ್ತಿಕೊಂಡು ಹೋಗುತ್ತಿದ್ದ.

ಮನೆಯಲ್ಲಿ ಓದಲು ಉಳಿದದ್ದು ಔಷಧಿ ಡಬ್ಬಿಯೊಳಗಿನ ಚೀಟಿಗಳು. ಅವುಗಳಲ್ಲಿ ಕತೆ ಕಮ್ಮಿ, ಅಡ್ಡಪರಿಣಾಮ ಜಾಸ್ತಿ. ಗ್ರಂಥಾಲಯದ ಕಿಟಕಿ ಪಕ್ಕದ ಹಳೆ ಕುರ್ಚಿ ನೆನಪಾಯಿತು. "ಬಂದ್ರಾ? ನಿಮಗೇಂತ ಹೊಸ ಪತ್ತೇದಾರಿ ತೆಗೆದಿಟ್ಟಿದ್ದೀನಿ" ಎನ್ನುವ ಥೆಕ್ಲಾಳ ಮೆಲುದನಿ ಇನ್ನೂ ಹೆಚ್ಚು ನೆನಪಾಯಿತು. ಇವತ್ತು ತಪ್ಪೊಪ್ಪಿಕೊಂಡು ಮತ್ತೆ ಓದುಗನಾಗಿಯೇ ಸೈ ಎಂದು ಪುಸ್ತಕವನ್ನು ಕಂಕುಳಲ್ಲಿ ಅವಚಿ ಮೆಟ್ಟಿಲಿಳಿದ.

ಕೆಳಗೆ ಬೂಟು ರಿಪೇರಿಯ ಆರ್ಗಿರಿಸ್ ಮೂಗರಳಿಸಿದ. "ಏನೋ ಅದು, ಕರಿದ ಪುಸ್ತಕ?"

"ಗ್ರಂಥಾಲಯದ್ದು ಕಣೋ. ವಾಪಸ್ ಕೊಡೋಕೆ ಹೊರಟೆ."

"ಈ ಅವತಾರದಲ್ಲಾ? ನಮ್ಮ ಬೀದಿ ಮಾನ ಕಳೀಬೇಡ. ತಾ ಇಲ್ಲಿ!"

ಬೇಡವೆನ್ನುವಷ್ಟರಲ್ಲಿ ಆರ್ಗಿರಿಸ್ ಹರಿದ ರಟ್ಟನ್ನೂ, ಎಣ್ಣೆ ಕುಡಿದು ಹಪ್ಪಳವಾಗಿದ್ದ ಮೊದಲ, ಕೊನೆಯ ಹಾಳೆಗಳನ್ನೂ ಕಿತ್ತೆಸೆದ.

"ಅಯ್ಯೋ, ಗ್ರಂಥಾಲಯದ ಮುದ್ರೆ ಇದ್ದದ್ದೇ ಅದರಲ್ಲಿ!"

"ಮುದ್ರೇನ ಯಾರು ಓದ್ತಾರೋ?" ಎನ್ನುತ್ತ ಆತ ಕಂದು ಚರ್ಮದ ಹೊದಿಕೆ ಹೊಲಿದೇಬಿಟ್ಟ. "ನೋಡು, ಇನ್ಮೇಲೆ ಇದನ್ನ ಓದಲೂಬಹುದು, ಹಾಕ್ಕೊಂಡು ಓಡಲೂಬಹುದು!"

ಮೂಲೆಯಲ್ಲಿ ಮಿಠಾಯಿ ಅಂಗಡಿಯ ಸ್ತಮಾತಾ ಅಡ್ಡಗಟ್ಟಿದಳು. "ಎಲ್ಲಿಗಣ್ಣಾ ಸವಾರಿ?"

"ಥೆಕ್ಲಾ ಹತ್ರ, ಇದನ್ನ ಕೊಡೋಕೆ."

"ಇವತ್ತೇ? ಭಲೇ ಜಾಣ ಕಣಣ್ಣಾ ನೀನು! ಆದ್ರೆ ಹೀಗೇ ಕೊಡ್ತಾರಾ?" ಸ್ತಮಾತಾ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕತ್ತು ಓರೆ ಮಾಡಿ ಥಟ್ಟನೆ ಥೆಕ್ಲಾಳೇ ಆಗಿಬಿಟ್ಟಳು: "'ಶ್‌ಶ್! ಇದೇನ್ರೀ, ಪುಸ್ತಕಾನೋ ಬೂಟೋ?'"

ಮರುಕ್ಷಣ ಅದಕ್ಕೆ ಬಂಗಾರದ ಕಾಗದ, ಕೆಂಪು ರಿಬ್ಬನ್ನು. ಕಲೆ ಮುಚ್ಚಿತಲ್ಲ ಎಂದು ಪೊಲಿಖ್ರೋನಿಸನಿಗೂ ಸಮಾಧಾನವೇ.

ಗ್ರಂಥಾಲಯದ ಬಾಗಿಲು ತೆಗೆದರೆ ಬೀದಿಯ ಹೆಂಗಸರೆಲ್ಲ ಅಲ್ಲೇ! ಮೇಜಿನ ತುಂಬ ಹೂವು, ಕೇಕು. ದಾರಿಯುದ್ದಕ್ಕೂ "ವರ್ಷಗಳು ಬಹಳವಾದವು, ಕ್ಷಮಿಸಿ" ಎಂದು ಉರು ಹೊಡೆದಿದ್ದ. ಪೊಟ್ಟಣ ಚಾಚಿ ಬಾಯಿ ತೆರೆದ.

"ವರ್ಷಗಳು ಬಹಳ..."

ಉಳಿದದ್ದು ಹೇಳುವಷ್ಟರಲ್ಲಿ ಚಪ್ಪಾಳೆ ಬಿತ್ತು. ನಮ್ಮ ದ್ವೀಪದಲ್ಲಿ ಹೆಸರಿನ ಹಬ್ಬಕ್ಕೆ ಹಾರೈಸುವ ಮಾತೂ ಅದೇ ತಾನೆ: ವರ್ಷಗಳು ಬಹಳ! ಅಂದು ಸಂತ ಥೆಕ್ಲಾಳ ದಿನ. ಆ ಹೆಸರಿನವರಿಗೆಲ್ಲ ಹಬ್ಬ. ಅದು ಅವನಿಗೊಬ್ಬನಿಗೇ ಮರೆತಿತ್ತು.

"ನೆನಪಿಟ್ಕೊಂಡು ಬಂದ್ರಾ!" ಥೆಕ್ಲಾ ರಿಬ್ಬನ್ನು ಬಿಚ್ಚಿದಳು. ಕಣ್ಣು ತುಂಬಿತು. "ಅಮ್ಮ ಮಾಡ್ತಿದ್ದ ಬದನೆಕಾಯಿ ಅಡುಗೆ ಇರೋದು ಇದೊಂದರಲ್ಲೇ. ನಾನೆಷ್ಟು ಹುಡುಕಿದ್ದೆ! ಹಳೇ ಅಂಗಡಿ ಎಲ್ಲ ಜಾಲಾಡಿ ತಂದು, ಚರ್ಮದ ಹೊದಿಕೇನೂ ಹಾಕಿಸಿದ್ದೀರಲ್ರೀ..." ಸಾರಿನ ಕಲೆಯನ್ನು ಬೆರಳಿನಿಂದ ಸವರಿದಳು. "ಯಾರೋ ಪಾಪ, ಒಲೆ ಪಕ್ಕದಲ್ಲೇ ಇಟ್ಕೊಂಡು ಪ್ರೀತಿಯಿಂದ ಅಡುಗೆ ಮಾಡಿದ್ದಾರೆ."

"ಅದು... ನಾನೇ..."

"ನೀವೇ ತಂದದ್ದು ಅಂತ ಕಾಣುತ್ತೆ ಬಿಡ್ರೀ!" ಹೆಂಗಸರು ನಕ್ಕು ಅವನ ಬಾಯಿಗೆ ಕೇಕು ತುರುಕಿದರು. ಸತ್ಯ ಕೇಕಿನ ಹಿಂದೆಯೇ ಉಳಿಯಿತು. ಪುಸ್ತಕ ಥೆಕ್ಲಾಳ ಕೈಚೀಲ ಸೇರಿತು.

ಅವಳ ಮುಖದ ಬೆಳಕು ನೋಡಿದ ಮೇಲೆ ನಿಜ ಹೇಳುವ ಮನಸ್ಸೂ ಬರಲಿಲ್ಲ. ಹೋಗಲಿ, ಬಾಗಿಲಂತೂ ತೆರೆಯಿತಲ್ಲ ಎಂದುಕೊಂಡು ಕಪಾಟಿನಿಂದೊಂದು ಪತ್ತೇದಾರಿ ಕಾದಂಬರಿ ಎತ್ತಿ ತಂದ.

ಥೆಕ್ಲಾಳ ಕನ್ನಡಕ ಮೂಗಿನ ತುದಿಗಿಳಿಯಿತು. ಕತ್ತು ಓರೆಯಾಯಿತು. "ಕೊಡೋ ಹಾಗಿಲ್ವಲ್ರೀ. ನನಗೇನೋ ನನ್ನದೊಂದು ಪ್ರತಿ ಸಿಕ್ತು, ಆದ್ರೆ ಗ್ರಂಥಾಲಯದ್ದು ನಿಮ್ಮ ಹತ್ರಾನೇ ಇದೆ. ಹೊತ್ತು ಮೀರಿದ ಹೊತ್ತಗೆ! ಮನೇಲಿದೆ ತಾನೆ?"

ಕೈಚೀಲದಿಂದ ಕೆಂಪು ರಿಬ್ಬನ್ನು ಇಣುಕುತ್ತಿತ್ತು.

"ಹೂಂ," ಎಂದ ಪೊಲಿಖ್ರೋನಿಸ್. "ಸಂಜೆ ಹೊತ್ತಿಗೆ ಮನೇಲಿರುತ್ತೆ." ಯಾರ ಮನೆಯಲ್ಲಿ ಎಂದು ಹೇಳಲಿಲ್ಲ.

"ಹಾಗಾದ್ರೆ ನಾಳೆ ಮರೀದೆ ತನ್ನಿ. ನಿಮಗೇಂತ ಬದನೆಕಾಯಿ ಮಾಡ್ಕೊಂಡು ಬಂದಿರ್ತೀನಿ."

ಬಾಯಲ್ಲಿ ನೀರೂರಿಸಿಕೊಂಡು ಪೊಲಿಖ್ರೋನಿಸ್ ಮತ್ತೆ ಮೀನುಪೇಟೆಯ ಸುತ್ತುದಾರಿ ಹಿಡಿದ.