ವಿಳಾಸ ತಪ್ಪಿ ನನ್ನ ಹೊಟ್ಟೆ ಸೇರಿದ ಸೂಕ್ಷ್ಮಾಣುಗಳಿಗೆ

ಮಾನ್ಯರೇ,

ಕಣ್ಣಿಗೆ ಕಾಣದಿದ್ದರೂ ಡಾಕ್ಟರರ ಬಾಯಲ್ಲೂ ಮಗಳ ಮೊಬೈಲಿನಲ್ಲೂ ಸದಾ ಹೊಗಳಿಸಿಕೊಳ್ಳುವ ತಮಗೆ, ದರ್ಜಿಯೊಬ್ಬರ ಹೆಂಡತಿಯಾದ ನಾನು ಎರಡೂ ಕೈ ಜೋಡಿಸಿ ವಂದಿಸುತ್ತೇನೆ. ತಾವು ಕೋಟಿಗಟ್ಟಲೆ ಇದ್ದೀರೆಂದು ಕೇಳಿದ್ದೇನೆ. ಒಬ್ಬೊಬ್ಬರ ಕ್ಷೇಮವನ್ನೂ ವಿಚಾರಿಸಲಿಲ್ಲವೆಂದು ಬೇಸರಿಸಬಾರದು.

ವಿಷಯವೇನೆಂದರೆ, ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ. ಊರಿನವರ ತೋಳಿನುದ್ದ, ಸೊಂಟದ ಸುತ್ತಳತೆ ಎಲ್ಲವೂ ಈಗಲೂ ಅವರ ನಾಲಿಗೆ ತುದಿಯಲ್ಲಿವೆ, ಹೆಂಡತಿ ಮಾತ್ರ ತಲೆಯಿಂದ ಜಾರಿಹೋಗಿದ್ದಾಳೆ. ನಾನು ಅಡುಗೆಮನೆಯಿಂದ ಅವರ ಅಂಗಡಿಯಾದ ಮುಂದಿನ ಕೋಣೆಗೆ ಕಾಲಿಟ್ಟರೆ ಸಾಕು, ಹೊಲಿಗೆ ಯಂತ್ರದ ಹಿಂದಿನಿಂದ ಎದ್ದುನಿಂತು “ಬನ್ನಿ ಮೇಡಂ, ಅಳತೆ ತಗೊಂಡ್ಬಿಡೋಣ” ಎನ್ನುತ್ತಾರೆ. ಮದುವೆಯಾದಾಗಿನಿಂದ ಸಿಗದಿದ್ದ ಈ ಮರ್ಯಾದೆ ಮೊದಮೊದಲು ಹಿತವಾಗಿಯೇ ಇತ್ತು. ಆದರೆ ಸಂಜೆಯಾದೊಡನೆ ಅದೇ ಮರ್ಯಾದೆಯಿಂದ “ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ” ಎಂದು ನನ್ನನ್ನು ನನ್ನದೇ ಮನೆಯ ಬಾಗಿಲವರೆಗೆ ಬೀಳ್ಕೊಡುವಾಗ ಕರುಳು ಕಿವುಚಿದಂತಾಗುತ್ತದೆ. ತಾವು ಅಲ್ಲೇ ವಾಸವಿರುವುದರಿಂದ ತಮಗೂ ತಿಳಿದಿರಬೇಕು.

ಕರುಳಿಗೂ ಮಿದುಳಿಗೂ ನೇರ ಸಂಪರ್ಕವಿದೆಯಂತೆ, ತಾವು ಮನಸ್ಸು ಮಾಡಿದರೆ ಮರೆವಿಗೆ ತುಸು ಕಡಿವಾಣ ಬೀಳಬಹುದಂತೆ. ಡಾಕ್ಟರರು “ಗ್ಯಾರಂಟಿ ಕೊಡಕ್ಕಾಗಲ್ಲಮ್ಮಾ, ಇನ್ನೂ ಸಂಶೋಧನೆ ನಡೀತಿದೆ” ಎಂದರೂ ಮಗಳು ಹಟ ಹಿಡಿದು ತಮ್ಮನ್ನು ಕ್ಯಾಪ್ಸೂಲಿನಲ್ಲಿ ಕೂರಿಸಿ ಮನೆಗೆ ಕರೆತಂದಳು. ಯಜಮಾನರು ಮಾತ್ರೆ ನುಂಗುವವರಲ್ಲ. ಹೀಗಾಗಿ ಕ್ಯಾಪ್ಸೂಲು ಬಿಡಿಸಿ, ಅವರ ಬಟ್ಟಲಿನ ಮೊಸರಿಗೆ ತಮ್ಮನ್ನು ಕದಡಿ, ಪ್ರೀತಿಗೆಂದು ಎರಡು ಚಮಚ ಮೊಸರು ಹೆಚ್ಚಿಗೆ ಹಾಕಿ, ನನ್ನ ಬಟ್ಟಲನ್ನೂ ಪಕ್ಕದಲ್ಲಿಟ್ಟು ನೀರು ತರಲು ಹೋಗುತ್ತಿದ್ದೆ. ಮೊನ್ನೆ ಗಿರಾಕಿಗಳ ನಿಲುವುಗನ್ನಡಿಯಲ್ಲಿ ಕಂಡದ್ದೇನು? ಯಜಮಾನರು ಬಟ್ಟಲುಗಳನ್ನು ಸದ್ದಿಲ್ಲದೆ ಅದಲುಬದಲು ಮಾಡುತ್ತಿದ್ದರು! ಹೆಚ್ಚು ತುಂಬಿದ ಬಟ್ಟಲು ಗಿರಾಕಿಗೆ ಹೋಗಬೇಕೆಂಬುದು ಅವರ ಅಂಗಡಿಯ ಶಿಸ್ತು. ಮರುದಿನ ನಾನೂ ಜಾಣತನ ತೋರಿ ಔಷಧಿಯನ್ನು ಕಡಿಮೆ ಮೊಸರಿನ ಬಟ್ಟಲಿಗೆ ಹಾಕಿದರೆ, “ಸುಸ್ತಾಗಿ ಬಂದಿದೀರ” ಎಂದು ಎರಡನ್ನೂ ನನ್ನತ್ತ ನೂಕಿದರು.

ತಮ್ಮ ಕಾರ್ಯದಕ್ಷತೆಯ ಬಗ್ಗೆ ಎರಡು ಮಾತಿಲ್ಲ. ನನ್ನ ನೆನಪು ಈಗ ಹೊಸ ಕತ್ತರಿಯಷ್ಟು ಚೂಪಾಗಿದೆ. ಮದುವೆಯ ದಿನ ನಾದಿನಿ ನನ್ನ ಮೂಗಿನ ಬಗ್ಗೆ ಆಡಿದ ಮಾತು, ಆಗ ಅವಳು ಹುಬ್ಬೇರಿಸಿದ ರೀತಿ ಸಮೇತ ನೆನಪಾಗುತ್ತಿದೆ. ಯಜಮಾನರು ತಪ್ಪಿದ ಮಾತುಗಳಂತೂ ಸಾಲುಗಟ್ಟಿ ಬರುತ್ತಿವೆ, ಜಗಳವಾಡೋಣವೆಂದರೆ ಎದುರಿಗಿರುವವರು ಅಪರಿಚಿತರು.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ತಮ್ಮಲ್ಲಿ ಅರ್ಧದಷ್ಟು ಮಂದಿಯಾದರೂ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಕುರ್ಚಿಯವರ ಹೊಟ್ಟೆಗೆ ವರ್ಗವಾಗಬೇಕು. ಅಲ್ಲಿಂದ ಬಡ್ತಿ ಪಡೆದು ತಲೆಗೇರಿ, ಇವಳು ಗಿರಾಕಿಯಲ್ಲವೆಂದು ಒಂದು ಮಾತು ಹೇಳಬೇಕು. ಅದಾಗದಿದ್ದರೆ ನನಗೂ ಅಷ್ಟೇ ಮರೆವನ್ನು ದಯಪಾಲಿಸಿ. ಬೇಡ, ಈ ಕೋರಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನಾವಿಬ್ಬರೂ ಯಾರೆಂಬುದು ಒಬ್ಬರಿಗಾದರೂ ಗೊತ್ತಿರಬೇಕು.

ತಮಗೆ ದಿನವೂ ಮೊಸರುಣಿಸುತ್ತಿರುವ,
ತಮ್ಮ ವಿಶ್ವಾಸಿ,
ದರ್ಜಿಯ ಹೆಂಡತಿ (ಸದ್ಯಕ್ಕೆ ಗಿರಾಕಿ)

ವಿ.ಸೂ.: ಇದನ್ನು ಬರೆಯುತ್ತಿರುವಾಗಲೇ ಯಜಮಾನರು ಬಂದು, “ನಿಮ್ಮದು ಈ ವಾರ ಆಗಲ್ಲ ಮೇಡಂ, ನನ್ನ ಹೆಂಡತಿ ಕೋಟು ಬಾಕಿ ಇದೆ, ಪಾಪ ಎಷ್ಟು ವರ್ಷದಿಂದ ಕೇಳ್ತಿದಾಳೆ, ಮೊದ್ಲು ಅದಾಗ್ಬೇಕು” ಎಂದು ಹೇಳಿಹೋದರು. ಹೆಂಡತಿಯಾಗಿದ್ದಾಗ ಗಿರಾಕಿಗಳಿಗಾಗಿ ಕಾದೆ, ಈಗ ಗಿರಾಕಿಯಾಗಿ ಹೆಂಡತಿಗಾಗಿ ಕಾಯುತ್ತಿದ್ದೇನೆ. ಆದರೂ ಅವಳು ಅವರ ತಲೆಯಲ್ಲಿದ್ದಾಳೆ ಎಂದು ಖುಷಿಯಾಗಿ ಅತ್ತುಬಿಟ್ಟೆ. ಇದರ ಕೀರ್ತಿಗೆ ತಾವು ಕೈಚಾಚಬೇಡಿ. ಆ ಹೊತ್ತಿನಲ್ಲಿ ತಾವು ಅಷ್ಟೂ ಮಂದಿ ನನ್ನ ಹೊಟ್ಟೆಯಲ್ಲೇ ಕುಳಿತಿದ್ದಿರಿ.