ಹದಿನಾಲ್ಕು ನಿಜಪ್ರತಿಗಳು

ಒಂದೇ ಚಿತ್ರದ ಹದಿನೈದು ಅಚ್ಚುಗಳಲ್ಲಿ ಒಂದು ಮಾತ್ರ ಅಸಲು, ಉಳಿದ ಹದಿನಾಲ್ಕು ಅದರ ಝೆರಾಕ್ಸ್ ಎಂಬುದು ಛತ್ರಪತಿ ಸಂಭಾಜಿನಗರದ ವಿಭಾಗೀಯ ಕಲಾ ಪ್ರೋತ್ಸಾಹ ಕಚೇರಿಯ ತೀರ್ಮಾನ. ಇದರ ಮೇಲೆ ಮೇಲ್ಮನವಿ ಇಲ್ಲ.

ಭಾಲ್ಕಿ ಕಡೆಯ ಬಸವಕುಮಾರ ನಾಶಿಕ್ ಹತ್ತಿರದ ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ಸ್ವಿಚ್‌ಬೋರ್ಡುಗಳ ಮೇಲೆ ‘ಅಪಾಯ’ ಅಂತ ಸ್ಕ್ರೀನ್ ಪ್ರಿಂಟ್ ಹಾಕುವವನು. ರವಿವಾರ ಮಾತ್ರ ಅದೇ ಕೈಯಿಂದ ಅಕ್ಷರವೂ ಇಲ್ಲದ, ಗುರುತು ಸಿಗುವ ಆಕಾರವೂ ಇಲ್ಲದ ಚಿತ್ರ ಮಾಡುತ್ತಾನೆ. ಬಣ್ಣಕ್ಕೊಂದು ಜಾಲರಿ ಚೌಕಟ್ಟು. ಮೇಲೆ ರಬ್ಬರ್ ಪಟ್ಟಿ ಎಳೆದರೆ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಹದಿನೈದು ಕಾಗದ ಮುಗಿದ ಮೇಲೆ ಚೌಕಟ್ಟು ತೊಳೆಯಬೇಕು. ತೊಳೆಯುತ್ತಿದ್ದದ್ದು ನಾಶಿಕ್‌ನ ಬಾಡಿಗೆ ಮನೆಯ ಬಚ್ಚಲಲ್ಲಿ. ಬಚ್ಚಲು ನೀಲಿಯಾದ ದಿನ ಹೆಂಡತಿ ಮಂಗಲಾ ಹೇಳಿದಳು: “ಮನಿ ಖಾಲಿ ಮಾಡ್ರಿ ಅಂದಾರ ಮಾಲಕರು. ಬ್ಯಾರೆ ಕಡಿ ನೀರ ನೋಡ್ಕೋರಿ, ಇಲ್ಲಾಂದ್ರ ಈ ಕೆಲಸನೇ ಬಿಡ್ರಿ.”

ಆಗಲೇ ಆ ಪ್ರೋತ್ಸಾಹ ಕಚೇರಿಯ ಪ್ರಕಟಣೆ ಬಂತು: ‘ಒಬ್ಬ ಅರ್ಹ ಮುದ್ರಣ ಕಲಾವಿದರಿಗೆ ನಳ ಸಹಿತ ಕೋಣೆಯನ್ನು ಒಂದು ವರ್ಷ ಉಚಿತವಾಗಿ ನೀಡಲಾಗುವುದು. ಎಲ್ಲ ಅಚ್ಚುಗಳನ್ನು ಲಗತ್ತಿಸತಕ್ಕದ್ದು.’

ಅವನ ಪಕ್ಕದ ಮನೆಯ ನನಗೆ ಆ ವಾರ ಕೆಲಸವಿರಲಿಲ್ಲ. ಅಚ್ಚುಗಳ ಕಟ್ಟು ಹೊತ್ತು ಕಚೇರಿಗೆ ಜೊತೆಗೆ ಹೋದೆ.

“ಭಾವು, ಇದರಲ್ಲಿ ಒರಿಜಿನಲ್ ಯಾವುದು?” ಗುಮಾಸ್ತ ತುಕಾರಾಮ ಮರಾಠಿಯಲ್ಲಿ ಕೇಳಿದ.

“ಹದಿನೈದೂ ಒರಿಜಿನಲ್ ಸಾಹೇಬ್ರ. ಅದಕ್ಕೇ ಕೆಳಗೆ ಪೆನ್ಸಿಲಿನಲ್ಲಿ ಸಂಖ್ಯೆ, ಸಹಿ ಹಾಕಿದ್ದೇನೆ.”

“ನನ್ನ ಮಗನ ಮಾರ್ಕ್ಸ್ ಕಾರ್ಡಿಗೇ ಒಂದೇ ಒರಿಜಿನಲ್ ಇದೆ. ನಿಮ್ಮದು ಹದಿನೈದೇ? ನೀವೇ ಬರೆದಿದ್ದೀರಿ ನೋಡಿ, ಇದು ಒಂದನೆಯದು. ಉಳಿದವಕ್ಕೆ ‘ನಿಜಪ್ರತಿ’ ಎಂದು ಗೆಝೆಟೆಡ್ ಅಧಿಕಾರಿಯ ಸಹಿ, ಶಿಕ್ಕಾದ ಮೊಹರು ಹಾಕಿಸಿ ತನ್ನಿ.”

ಹತ್ತಿರದ ಖುಲ್ತಾಬಾದ್‌ನಲ್ಲಿ ಅಂಥ ಅಧಿಕಾರಿಯೊಬ್ಬರು ಸಿಕ್ಕರು. ಧಾರವಾಡದಿಂದ ವರ್ಗವಾಗಿ ಬಂದ ನರಹರಿ ಸಾಹೇಬರು, ಕೆಲಸ ಮಣ್ಣು ಪರೀಕ್ಷೆ. ಕನ್ನಡ ಕೇಳಿದ ಖುಷಿಗೆ ಚಹಾ ತರಿಸಿದರು. ಆದರೆ ಅಸಲಿನ ಜೊತೆ ತಾಳೆ ನೋಡದೆ ಸಹಿ ಹಾಕುವ ಮನುಷ್ಯರಲ್ಲ. ಎರಡು ತಾಸು ನೋಡಿದರು. ನಡುವೆ ಒಮ್ಮೆ ಚಿತ್ರದ ಮೇಲ್ತುದಿ ಯಾವುದೆಂದು ಕೇಳಿದರು.

“ಏಳನೇದರಾಗ ಕೆಂಪು ಒಂದ್ ಎಳಿ ಸರದದಲ್ರೀ?”

“ಕೈಲೆ ಮಾಡಿದ್ದರಿ. ಅಷ್ಟು ಸರೀತದ.”

“ಅಸಲಿನ್ಯಾಗ ಸರದಿಲ್ಲ.”

ಕಡೆಗೆ ಏಳನೆಯದರ ಕೆಳಗೆ ಹಸಿರು ಶಾಯಿಯಲ್ಲಿ ‘ಕೆಂಪು ಬಣ್ಣವನ್ನು ಹೊರತುಪಡಿಸಿ ನಿಜಪ್ರತಿ’ ಎಂದು ಬರೆದರು.

“ಶಿಕ್ಕಾ ಅಂಚಿಗೆ ಹಾಕ್ರಿ ಸಾಹೇಬ್ರ, ಕಾಲ್ ಬೀಳ್ತೀನಿ.”

“ಅಂಚು ಹರಿದ್ರ ಜವಾಬ್ದಾರಿ ಯಾರ್ದು? ನಟ್ಟನಡುವೇ ಹಾಕಬೇಕು, ನಿಯಮ ಅದ.”

ನೇರಳೆ ಶಾಯಿಯ ಗುಂಡು ಶಿಕ್ಕಾ ಹದಿನಾಲ್ಕು ಸಲ ಸದ್ದು ಮಾಡಿತು. ಮೊದಮೊದಲು ಪ್ರತಿ ಸದ್ದಿಗೂ ಬಸವಕುಮಾರ ಕಣ್ಣು ಮುಚ್ಚಿದ. ಎಂಟನೆಯ ಸದ್ದಿನ ಹೊತ್ತಿಗೆ ರೂಢಿಯಾಯಿತು.

ಒಂದು ತಿಂಗಳ ಮೇಲೆ ಆಯ್ಕೆ ಸಮಿತಿಯ ಆದೇಶ ಹೊರಬಿತ್ತು: ‘ಒಂದನೆಯ ಅಚ್ಚು ಅಪೂರ್ಣವೆನಿಸುತ್ತದೆ. ಉಳಿದವುಗಳಲ್ಲಿ ಅಮೂರ್ತ ಬಣ್ಣಗಳ ನಡುವೆ ನೇರಳೆ ವೃತ್ತವನ್ನು ದಿಟ್ಟವಾಗಿ ಇರಿಸಲಾಗಿದೆ. ಏಳನೆಯದರಲ್ಲಿ ಕಲಾವಿದರು ತಮ್ಮದೇ ಕೆಂಪನ್ನು ನಿರಾಕರಿಸಿರುವುದು ಸಮಿತಿಯನ್ನು ಮೌನಗೊಳಿಸಿತು. ಸಹಿ, ಹುದ್ದೆ, ದಿನಾಂಕ ಸ್ಪಷ್ಟವಾಗಿರುವುದರಿಂದ ಕೋಣೆಯನ್ನು ಶ್ರೀ ನರಹರಿಯವರಿಗೆ ಮಂಜೂರು ಮಾಡಿದೆ.’

“ನನ್ನ ಸಹಿ ಕೆಳಗೇ ಇದೆಯಲ್ಲ?” ಅಂತ ಬಸವಕುಮಾರ ತುಕಾರಾಮನನ್ನು ಕೇಳಿದ.

“ಅದು ಪೆನ್ಸಿಲ್. ಪೆನ್ಸಿಲ್ ಸಹಿಗೆ ಬ್ಯಾಂಕಿನವರು ಪಾಸ್‌ಬುಕ್ಕೂ ಕೊಡುವುದಿಲ್ಲ.”

ನರಹರಿ ಸಾಹೇಬರಿಗೂ ಸಂಕಟವಾಗಿತ್ತು. “ಬ್ಯಾಡ ಅಂದ್ರ ಆದೇಶಕ್ಕ ಅಪಮಾನ ಮಾಡಿದಂಗಾಗ್ತದ. ನನ್ನ ಮಣ್ಣಿನ ಚೀಲಕ್ಕೂ ಜಾಗ ಬೇಕಾಗಿತ್ತು ಅನ್ರಿ. ನೀವು ರವಿವಾರಕ್ಕೊಮ್ಮೆ ಬಂದು ತೊಳಕೋರಿ, ನಾ ಏನೂ ಅನ್ನೂದಿಲ್ಲ. ಬರುವಾಗ ನನಗ ಒಂದ್ ಹದಿನೈದು ಕಾಗದ ತಯಾರ ಮಾಡ್ಕೊಂಡ್ ಬರ್ರಿ, ಪ್ರದರ್ಶನಕ್ಕ ಕೇಳ್ಯಾರ.”

ಈಗ ಬಸವಕುಮಾರ ನಡುವೆ ಶಿಕ್ಕಾಕ್ಕೆ ಗುಂಡಗೆ ಜಾಗ ಬಿಟ್ಟೇ ಬಣ್ಣ ಎಳೆಯುತ್ತಾನೆ. ಮೂರನೆಯ ತಿಂಗಳು ಸಾಹೇಬರ ಮಣಿಕಟ್ಟು ನೋಯತೊಡಗಿದ್ದರಿಂದ, ಶಿಕ್ಕಾಕ್ಕೂ ಸಹಿಗೂ ಒಂದೊಂದು ಚೌಕಟ್ಟು ಮಾಡಿಕೊಟ್ಟ. ಹದಿನೈದರಲ್ಲೂ ಒಂದೇ ಸಮ ಬಂದಿವೆ ಎಂದು ಸಮಿತಿ ಮೆಚ್ಚಿ, ಹದಿನೈದನ್ನೂ ಅಸಲು ಎಂದು ದಾಖಲಿಸಿತು.

ಆವತ್ತು ಅವನು ನಳದ ಕೆಳಗೆ ಸಾಹೇಬರ ಸಹಿಯನ್ನು ತೊಳೆಯುತ್ತಿದ್ದಾಗ ಮಂಗಲಾಳ ಫೋನು ಬಂತು; ಅವನ ಕೈ ಒದ್ದೆಯೆಂದು ನಾನೇ ಸ್ಪೀಕರಿಗೆ ಹಾಕಿ ಹಿಡಿದೆ.

“ಕೋಣಿ ಮ್ಯಾಲ ಹೆಸರು ಯಾರ್ದು ಬರದಾರ?”

“ಸಾಹೇಬ್ರದು.”

“ನೀರು?”

“ಜೋರ ಬರ್ತದ.”

“ಮತ್ತೇನ್ ಬೇಕ್ರಿ. ಹೆಸರಿನಿಂದ ತೊಳಿಯಾಕ ಬರ್ತದೇನು?”

ಅವಳ ಮಾತಿನಲ್ಲಿ ತಪ್ಪು ಹುಡುಕಿದೆವು. ಸಿಗಲಿಲ್ಲ.