ಸುಬೇದಾರರಿಗೆ ನಾನು ಕುದುರೆ ಆರಿಸಿಕೊಟ್ಟದ್ದು

ನನಗೆ ಬೀಡಿಯ ಚಟವಿಲ್ಲ, ನಶ್ಯ ಇಲ್ಲ, ಇಸ್ಪೀಟು ಮುಟ್ಟಿದವನಲ್ಲ. ಇರುವುದು ಒಂದೇ ಒಂದು ದುರಭ್ಯಾಸ. ಒಂದೇ ಆದ್ದರಿಂದ ಮುಚ್ಚಿಡದೆ ಹೇಳಿಬಿಡುತ್ತೇನೆ. ಯಾರು ಏನು ಕೇಳಿದರೂ ‘ನನಗೆ ಗೊತ್ತಿಲ್ಲ’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಇಚಿಲಂಪಾಡಿಗೆ ಯಾವ ಬಸ್ಸು ಎಂದು ಕೇಳಿದರೆ, ಗೊತ್ತಿರಲಿ ಇಲ್ಲದಿರಲಿ, ಒಂದು ಬಸ್ಸಿನ ಹೆಸರು ಹೇಳಿಯೇ ಕಳಿಸುತ್ತೇನೆ. ಹಾಗೆ ಹೋದವರು ಪೆರಾಬೆಯಲ್ಲಿ ಇಳಿದು ನನ್ನನ್ನು ಬೈದಿರಬಹುದು. ಬೈದದ್ದು ನನಗೆ ಕೇಳಿಸಲಿಲ್ಲವಲ್ಲ, ಅಷ್ಟು ಸಾಕು. ನನ್ನ ಹೆಂಡತಿ ಇದಕ್ಕೆ ಸೊಕ್ಕು ಎನ್ನುತ್ತಾಳೆ. ನಾನು ಆತ್ಮವಿಶ್ವಾಸ ಎನ್ನುತ್ತೇನೆ.

ಈ ಆತ್ಮವಿಶ್ವಾಸವನ್ನು ಬೆಳೆಸಿದ್ದು ನನ್ನ ಉದ್ಯೋಗ. ಆಗ ನಾನು ಬೆಳ್ಳಾರೆಯ ಹತ್ತಿರ ಒಂದು ಸಣ್ಣ ಪಶು ಚಿಕಿತ್ಸಾ ಕೇಂದ್ರದಲ್ಲಿದ್ದೆ. ಸರಕಾರದ ಕಾಗದದಲ್ಲಿ ನಾನು ಪಶುವೈದ್ಯರ ಕೈಕೆಳಗಿನ ಸ್ಟಾಕ್‌ಮನ್. ಊರವರ ಬಾಯಲ್ಲಿ ಮಾತ್ರ ‘ಡಾಕ್ಟ್ರು’. ಬಂದ ಹೊಸದರಲ್ಲಿ ಒಂದೆರಡು ಸಲ ತಿದ್ದಬೇಕೆಂದುಕೊಂಡೆ. ಆಮೇಲೆ, ಅಷ್ಟು ಪ್ರೀತಿಯಿಂದ ಕರೆಯುವವರ ಮನಸ್ಸು ನೋಯಿಸುವುದು ಯಾಕೆ ಎಂದು ಸುಮ್ಮನಾದೆ. ಹದಿನಾಲ್ಕು ವರ್ಷ ಸುಮ್ಮನಿದ್ದೆ. ದನ ಕರು ಹಾಕಲು ಕಷ್ಟಪಟ್ಟರೆ, ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ, ನಾನು ಸೈಕಲಿನಲ್ಲಿ ಹೋಗಿ ನಿಂತರೆ ಕೆಲಸ ಆಗುತ್ತಿತ್ತು. ಇದು ಜಂಬವಲ್ಲ. ಅಥವಾ ಜಂಬವೇ ಇರಲಿ, ಕೆಲಸ ಆಗುತ್ತಿದ್ದದ್ದು ಸುಳ್ಳಲ್ಲ.

ಹೀಗಿರುವಾಗ ಒಂದು ದಿನ ಗುಡ್ಡದ ಮೇಲಿನ ಮನೆಯ ದೇವಕಿಯಕ್ಕ ನನ್ನ ಕೇಂದ್ರದ ಜಗಲಿಗೆ ಬಂದು ಕುಳಿತರು. ಅವರ ಗಂಡ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಗೌಡರು. ನೇರ ಬೆನ್ನು, ದೊಡ್ಡ ಮೀಸೆ, ಸಣ್ಣ ಮಾತು. ಸಣ್ಣ ಎಂದರೆ ‘ಹೂಂ’, ‘ಊಹೂಂ’ ಇವೆರಡೇ. ಎರಡು ವರ್ಷದ ಹಿಂದೆ ಮನೆಯ ಕಲ್ಲುಮೆಟ್ಟಿಲಲ್ಲಿ ಜಾರಿ ಮೊಣಕಾಲು ಹಾಳಾದ ಮೇಲೆ ಅವರು ಗುಡ್ಡ ಇಳಿದಿರಲಿಲ್ಲ. ಆ ಮನೆಗೆ ಜೀಪು ಬರುವ ದಾರಿಯಿಲ್ಲ, ನಡುವೆ ನೀರು ಹರಿಯುವ ಒಂದು ತೋಡು ದಾಟಬೇಕು, ಯಾರಾದರೂ ಹೊತ್ತು ಇಳಿಸುತ್ತೇವೆಂದರೆ ಸುಬೇದಾರರ ಮೀಸೆ ಒಪ್ಪುವುದಿಲ್ಲ.

“ಅವರು ಇಡೀ ದಿನ ಚಾವಡಿಯಲ್ಲಿ ಗೋಡೆ ನೋಡಿಕೊಂಡು ಕೂತಿರುದು ಡಾಕ್ಟ್ರೇ. ಹೀಗೇ ಆದ್ರೆ ನನಗೆ ಅವರು ದಕ್ಕುದಿಲ್ಲ,” ಎಂದು ದೇವಕಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿನ್ನೆ ಬಾಯಿಬಿಟ್ಟು ಒಂದು ಮಾತು ಹೇಳಿದ್ರು. ಒಂದು ಕುದುರೆ ಇದ್ದಿದ್ರೆ ಹೋಗ್ತಿದ್ದೆ ಅಂತ. ನಮಗೆ ಕುದುರೆ ಸಾಕಿ ಗೊತ್ತಿಲ್ಲ. ಮೊದಲ ಸಲ ಸಾಕುವವರಿಗೆ ಯಾವ ಜಾತಿದು ಒಳ್ಳೆದು, ನೀವೇ ಹೇಳ್ಬೇಕು.”

ಗೊತ್ತಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, “ಅದನ್ನು ಸ್ವಲ್ಪ ವಿಚಾರ ಮಾಡ್ಬೇಕಾಗ್ತದೆ ಅಕ್ಕ,” ಎಂದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ನಮ್ಮ ತರಬೇತಿಯಲ್ಲಿ ಕುದುರೆಯ ಪಾಠ ಬಂದ ದಿನ ಮೇಷ್ಟ್ರು, “ದಕ್ಷಿಣ ಕನ್ನಡದವರು ಹೊರಗೆ ಹೋಗಬಹುದು, ನಿಮಗೆ ಇದು ಬೇಕಾಗುವುದಿಲ್ಲ,” ಎಂದಿದ್ದರು. ನಾವು ಆರು ಮಂದಿ ಸಂತೋಷದಿಂದ ಹೊರಗೆ ಹೋಗಿ ಚಾ ಕುಡಿದೆವು. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಜನ ಹತ್ತಿರದಿಂದ ಕಂಡ ಕುದುರೆಯೆಂದರೆ ದೈವಸ್ಥಾನದಲ್ಲಿ ಇರುವ ಮರದ ಕುದುರೆ. ಅದು ಹುಲ್ಲು ತಿನ್ನುವುದಿಲ್ಲ, ಒದೆಯುವುದಿಲ್ಲ, ಯಾವ ತಳಿ ಎಂದು ಯಾರೂ ಕೇಳುವುದಿಲ್ಲ. ಸುಬೇದಾರರಿಗೆ ಕುದುರೆ ತರುವ ಸುದ್ದಿ ಹಬ್ಬಿದಾಗ ಬೆಳ್ಳಾರೆಯ ಹೋಟೆಲಿನಲ್ಲಿ ಮೊದಲು ಎದ್ದ ಪ್ರಶ್ನೆಯೇ, “ದೈವದ ಅಪ್ಪಣೆ ಕೇಳಿದ್ದಾರಾ ಎಂತ? ಅದು ಕೂರುವ ವಾಹನದಲ್ಲಿ ನಾವು ಕೂತರೆ ಆಗ್ತದಾ?” ಎಂಬುದು. ದೇವಕಿಯಕ್ಕ ಹೋಗಿ ಕೈಮುಗಿದು ಅಪ್ಪಣೆ ಕೇಳಿಕೊಂಡೂ ಬಂದರು. ಅಪ್ಪಣೆ ಸಿಕ್ಕಿತು. ಇನ್ನು ತಳಿಯೊಂದೇ ಬಾಕಿ.

ನಾನು ಪುತ್ತೂರಿಗೆ ಹೋಗಿ ಪರಿಚಯದವರೊಬ್ಬರ ಕಪಾಟಿನಿಂದ ಒಂದು ಹಳೆಯ ಪುಸ್ತಕ ತಂದು ಎರಡು ದಿನ ಓದಿದೆ. ಮೂರನೆಯ ದಿನ ಅದೇ ಹೋಟೆಲಿನಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಅರಬ್ಬಿ ಕುದುರೆಗೆ ವೇಗ ಹೆಚ್ಚು, ಮಾರ್ವಾಡಿಗೆ ನಿಯತ್ತು ಹೆಚ್ಚು, ಮಣಿಪುರಿ ಕುಳ್ಳಾದರೂ ಗುಡ್ಡ ಹತ್ತುವುದರಲ್ಲಿ ಗಟ್ಟಿ, ಕಾಠಿಯಾವಾಡಿಯ ಎರಡು ಕಿವಿಗಳ ತುದಿ ಒಂದಕ್ಕೊಂದು ತಾಗುತ್ತದೆ ಎಂದೆಲ್ಲ ವಿವರಿಸಿದೆ. ಜನ ಬಾಯಿಬಿಟ್ಟು ಕೇಳಿದರು. “ಡಾಕ್ಟ್ರ ತಲೆ ಅಂದ್ರೆ ತಲೆ,” ಎಂದರು ಹೋಟೆಲಿನ ಭಟ್ರು. ಸುಬೇದಾರರ ಮನೆಗೆ ಹೋಗಿ ಕಾಠಿಯಾವಾಡಿಯೇ ಆಗಬೇಕು ಎಂದು ತೀರ್ಪು ಕೊಟ್ಟೆ. ಕಿವಿಯ ವಿಷಯ ನನಗೆ ಬಹಳ ಹಿಡಿಸಿತ್ತು. ಸುಬೇದಾರರು “ಹೂಂ” ಎಂದರು. ದೇವಕಿಯಕ್ಕ ಮಾತ್ರ, “ಕಿವಿ ಹೇಗೂ ಇರಲಿ ಡಾಕ್ಟ್ರೇ, ಇವರನ್ನು ಬೀಳಿಸದಿದ್ರೆ ಸಾಕು. ಇನ್ನೊಂದು ಸಲ ಬಿದ್ರೆ ಮತ್ತೆ ಏಳುದಿಲ್ಲ ಇವರು,” ಎಂದರು.

ದೇವಕಿಯಕ್ಕ, ಅವರ ತಮ್ಮ, ನಾನು ಮೂವರೂ ಸುಳ್ಯದಿಂದ ಘಟ್ಟ ಹತ್ತಿ ಮೈಸೂರಿಗೆ ಹೋದೆವು. ಅಲ್ಲಿ ಜಟಕಾಗಳ ಕಾಲ ಮುಗಿಯುತ್ತ ಬಂದಿತ್ತು, ಕುದುರೆ ಮಾರುವವರು ಬೇಕಾದಷ್ಟಿದ್ದರು. ಒಬ್ಬ ಸಾಹೇಬರು ತಮ್ಮ ಲಾಯದ ಮುಂದೆ ನಾಲ್ಕು ಕುದುರೆ ತಂದು ನಿಲ್ಲಿಸಿದರು. ಮೊದಲನೆಯದರ ಕಿವಿಗಳು ತಾಗುತ್ತಿದ್ದವು. ಕಾಠಿಯಾವಾಡಿ! ಪ್ರಾಯ ನೋಡಲು, ದನದ ವ್ಯಾಪಾರದಲ್ಲಿ ಮಾಡುವ ಹಾಗೆ, ಸೀದಾ ಬಾಯಿಗೆ ಹೆಬ್ಬೆರಳು ಹಾಕಿ ತುಟಿ ಬಿಡಿಸಿದೆ. ಓದುಗರೇ, ದನಕ್ಕೆ ಮುಂದುಗಡೆ ಮೇಲಿನ ಹಲ್ಲುಗಳಿಲ್ಲ. ಆ ಭರವಸೆಯ ಮೇಲೆ ಹದಿನಾಲ್ಕು ವರ್ಷ ಸಾವಿರಾರು ಬಾಯಿಗಳಿಗೆ ಬೆರಳು ಹಾಕಿದವನು ನಾನು. ಕುದುರೆಗೆ ಮೇಲೆಯೂ ಹಲ್ಲುಂಟು. ಪುಸ್ತಕದಲ್ಲಿ ಅದನ್ನು ಬರೆದಿದ್ದರು, ಆದರೆ ಬೆರಳಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಕರ್ಚೀಫು ಸುತ್ತಿಕೊಂಡು ಎರಡನೆಯದರ ಹತ್ತಿರ ಹೋದೆ. ನಮ್ಮಲ್ಲಿ ದನ ಕೊಳ್ಳುವವರು ಹಿಂಗಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತೊಡೆಗೆ ತಲೆಯಾನಿಸಿ, ಕೆಚ್ಚಲಿಗೆ ಕೈ ಹಾಕಿ ನೋಡುತ್ತಾರೆ. ಒದೆಯದೆ ನಿಂತರೆ ಗುಣದ ದನ. ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ನಾನು ಹಾಗೆ ಕೂತಾಗಿತ್ತು. “ಏನ್ ಸ್ವಾಮಿ, ಹಾಲು ಕರೀತೀರಾ?” ಎಂದು ಸಾಹೇಬರು ಕೂಗುವುದಕ್ಕೂ, ನಾನು ಹುಲ್ಲಿನ ರಾಶಿಯ ಮೇಲೆ ಬಂದು ಬೀಳುವುದಕ್ಕೂ ಸರಿಹೋಯಿತು. ಮೂರನೆಯದು ನಾನು ಬರುವುದನ್ನು ಕಂಡೇ ಮುಂಗಾಲೆತ್ತಿ ಕೆನೆಯಿತು. ನಾಲ್ಕನೆಯದು ಮಾಸಲು ಬಣ್ಣದ, ಪ್ರಾಯ ಸಂದ ಹೆಣ್ಣು ಕುದುರೆ, ಹೆಸರು ಗುಲಾಬಿ. ಹಲ್ಲು ನೋಡಿದೆ, ಸುಮ್ಮನಿತ್ತು. ಬಾಲ ಎತ್ತಿದೆ, ಸುಮ್ಮನಿತ್ತು. ಮೈಮೇಲಿನ ಸುಳಿಗಳನ್ನು ದನದ ಲೆಕ್ಕದಲ್ಲಿಯೇ ಹುಡುಕಿದೆ. ಕೊನೆಗೆ ದೇವರ ಮೇಲೆ ಭಾರ ಹಾಕಿ ಹಿಂಗಾಲಿನ ಪಕ್ಕ ಕೂತೂ ನೋಡಿದೆ. ಕಲ್ಲಿನ ಹಾಗೆ ನಿಂತಿತ್ತು.

“ಇದೇ,” ಎಂದೆ.

“ಇದು ಯಾವ ತಳಿ?” ಎಂದು ದೇವಕಿಯಕ್ಕನ ತಮ್ಮ ಕೇಳಿದರು.

“ಸುಧಾರಿತ ಮೈಸೂರು,” ಎಂದೆ. ಅಂಥದ್ದೊಂದು ತಳಿ ಆ ಕ್ಷಣದಲ್ಲಿ ಹುಟ್ಟಿತು.

ಖಾಲಿ ಬರುತ್ತಿದ್ದ ಲಾರಿಯೊಂದರಲ್ಲಿ ಗುಲಾಬಿ ಬೆಳ್ಳಾರೆಗೆ ಬಂದಿಳಿದಾಗ ಪೇಟೆಗೆ ಪೇಟೆಯೇ ಹೊರಗೆ ಬಂತು. ಕೆಲವರು ಚಪ್ಪಲಿ ಬಿಟ್ಟು ಕೈಮುಗಿದರು. ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದವನು ನಾನೇ ಆದ್ದರಿಂದ ಅದರಲ್ಲಿ ಸ್ವಲ್ಪ ನಮಸ್ಕಾರ ನನಗೂ ಸೇರಿತೆಂದು ತೆಗೆದುಕೊಂಡೆ. ಮದುವೆಯ ದಿನವೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ, “ಅದು ನನಗೆ ಅವತ್ತೇ ಗೊತ್ತಾಗಿದೆ,” ಎಂದಳು.

ಸುಬೇದಾರರು ಮರದ ಸ್ಟೂಲಿನಿಂದ ಕುದುರೆ ಏರಿ ಮೊದಲ ಸಲ ಗುಡ್ಡ ಇಳಿದ ದಿನ ನಾನು ಕೇಂದ್ರದಲ್ಲಿ ಕಾದು ಕುಳಿತಿದ್ದೆ. ಮುಕ್ಕಾಲು ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಬಂದವರ ಮುಖ ಕೆಂಪಾಗಿತ್ತು. “ಡಾಕ್ಟ್ರೇ! ಇದು ಕುದುರೆಯಾ, ಸರ್ವೀಸ್ ಬಸ್ಸಾ?” ಎಂದು ಗುಡುಗಿದರು. ಆದದ್ದು ಇಷ್ಟು. ದಾರಿಯಲ್ಲಿ ಮೀನಿನ ಬುಟ್ಟಿಯ ಬ್ಯಾರಿಯೊಬ್ಬರು ಕೈ ಎತ್ತಿ ಸಲಾಂ ಹೇಳಿದರಂತೆ. ಗುಲಾಬಿ ಗಕ್ಕನೆ ನಿಂತಿತು. ಎಷ್ಟು ಅಟ್ಟಿದರೂ ಕದಲಲಿಲ್ಲ. ಹದಿನೈದು ವರ್ಷ ಜಟಕಾ ಎಳೆದ ಕುದುರೆ, ಮಾರಾಯ್ರೆ! ರಸ್ತೆಯ ಬದಿಯಲ್ಲಿ ಯಾರು ಕೈ ಎತ್ತಿದರೂ ಅದಕ್ಕೆ ಗಿರಾಕಿಯೇ. ಗಿರಾಕಿ ಮತ್ತು ಜಟಕಾದವನ ನಡುವೆ ಎಲ್ಲಿಗೆ, ಏನು, ಎಷ್ಟು ಎಂಬ ಮಾತು ನಡೆದು ಮುಗಿಯುವವರೆಗೆ ಹೆಜ್ಜೆ ಎತ್ತಬಾರದೆಂದು ಅದು ಕಲಿತಿತ್ತು. ‘ಹೂಂ’ ಎಂದರೆ ಅದಕ್ಕೆ ಸಾಲದು. ನಾಲ್ಕು ಮಾತಾದರೂ ಆಗಬೇಕು. ಎರಡು ವರ್ಷದ ಮೇಲೆ ಸುಬೇದಾರರನ್ನು ಕಂಡ ಸಂತೋಷಕ್ಕೆ ದಾರಿಯುದ್ದಕ್ಕೂ ಜನ ಕೈ ಎತ್ತಿದ್ದರು.

ಆಮೇಲೆ ಎರಡು ವಾರ ನಾನು ಆ ಗುಡ್ಡದ ಕಡೆ ತಲೆಹಾಕಲಿಲ್ಲ. ಇನ್ನು ನನ್ನ ಡಾಕ್ಟರಿಕೆ ಮುಗಿಯಿತು, ವರ್ಗಾವಣೆಗೆ ಅರ್ಜಿ ಹಾಕುವುದೇ ಒಳ್ಳೆಯದು ಎಂದುಕೊಂಡಿದ್ದೆ. ಆದರೆ ದೇವಕಿಯಕ್ಕನೇ ಒಂದು ಹೆಡಗೆ ಹಲಸಿನ ಹಪ್ಪಳದೊಂದಿಗೆ ಬಂದರು. “ಇವರು ಈಗ ದಿನಾಲೂ ಇಳಿಯುದು ಡಾಕ್ಟ್ರೇ. ಮೀನಿನವರ ಮಗಳಿಗೆ ಎಷ್ಟು ಮಕ್ಕಳು ಅಂತ ಕೂಡ ಇವರಿಗೆ ಗೊತ್ತುಂಟು. ಮೂವತ್ತು ವರ್ಷದಲ್ಲಿ ನನ್ನತ್ರ ಆಡದಷ್ಟು ಮಾತು ಈಗ ಊಟಕ್ಕೆ ಕೂತಾಗ ಆಡ್ತಾರೆ. ನಿಮ್ಮ ಉಪಕಾರ ಮರೆಯುದಿಲ್ಲ,” ಎಂದು ಅತ್ತೇಬಿಟ್ಟರು. ನಾನು ಹೆಡಗೆಯನ್ನು ಒಳಗಿಡುತ್ತ, “ಅದಕ್ಕೇ ಅಲ್ವಾ ಅಕ್ಕ, ನಾನು ಹುಡುಕಿ ಹುಡುಕಿ ಆ ತಳಿಯನ್ನೇ ಆರಿಸಿದ್ದು?” ಎಂದೆ.

ಆ ವರ್ಷದ ಜಾನುವಾರು ಗಣತಿಯಲ್ಲಿ, ಯಾವಾಗಲೂ ಸೊನ್ನೆ ಹಾಕುತ್ತಿದ್ದ ‘ಕುದುರೆ’ ಎಂಬ ಕಾಲಮಿನಲ್ಲಿ ನಾನು ದಪ್ಪಕ್ಷರದಲ್ಲಿ ‘ಒಂದು’ ಎಂದು ಬರೆದೆ. ಅದನ್ನು ನಂಬದೆ ಮೇಲಧಿಕಾರಿಗಳು ಸ್ವತಃ ನೋಡಲು ಬಂದರು. ಅವರು ಕುದುರೆಗಳ ನಡುವೆ ಕೆಲಸ ಮಾಡಿ ಬಂದವರು. ಸುಬೇದಾರರ ಅಂಗಳದಲ್ಲಿ ಗುಲಾಬಿಯ ಗೊರಸು, ಕಣ್ಣು, ಉಸಿರು ನೋಡಿ ತಲೆದೂಗಿದರು. “ಮೊದಲ ಸಲ ಸಾಕುವವರು ಎಲ್ಲ ತಳಿ ತಳಿ ಎಂದು ಸಾಯುತ್ತಾರೆ. ನೋಡಬೇಕಾದ್ದು ಪ್ರಾಯ ಮತ್ತು ಗುಣ. ಹೊಸಬರಿಗೆ ಹಳೆಯ ಕುದುರೆಯೇ ಸರಿ. ಯಾರು ಆರಿಸಿದ್ದು?” ಎಂದರು.

“ನಾನೇ ಸಾರ್.”

“ಡಾಕ್ಟ್ರಿಗೆ ಕುದುರೆ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ,” ಎಂದು ಸುಬೇದಾರರು ಕುರ್ಚಿಯಿಂದ ಸಾಕ್ಷಿ ಹೇಳಿದರು. ಈಗ ಅವರಿಗೆ ಮಾತು ಬರುತ್ತಿತ್ತಲ್ಲ.

“ಹಾಗಾದರೆ ನೀವೇ ಹತ್ತಿ ಒಂದು ಸುತ್ತು ಬನ್ನಿ, ನಡಿಗೆ ನೋಡುವ,” ಎಂದರು ಅಧಿಕಾರಿಗಳು.

ನಾನು ಕುದುರೆ ಹತ್ತಿದವನಲ್ಲ ಎಂದು ಹೇಳಬಹುದಿತ್ತು. ಸ್ಟೂಲಿನ ಮೇಲೆ ನಿಂತು ಹತ್ತಿದೆ. ಗುಲಾಬಿ ಅಂಗಳದಲ್ಲಿ ಸುತ್ತು ಹಾಕಲಿಲ್ಲ, ತನ್ನ ದಿನದ ದಾರಿ ಹಿಡಿಯಿತು. ಗುಡ್ಡದ ಇಳಿಜಾರಿನಲ್ಲಿ ಲಗಾಮು ಕೈಯಿಂದ ಜಾರಿತು. ನಾನು ಎರಡೂ ಕೈಯಲ್ಲಿ ಅದರ ಕೊರಳಿನ ಕೂದಲು ಹಿಡಿದು ತುಳುವಿನಲ್ಲಿ, ಕನ್ನಡದಲ್ಲಿ, ಬರುವಷ್ಟು ಮಲಯಾಳದಲ್ಲಿ ನಿಲ್ಲು ಎಂದು ಬೇಡಿಕೊಂಡೆ. ಅದು ಓಡಲಿಲ್ಲ, ಬರೀ ನಡೆಯಿತು. ಹಾರಿ ಇಳಿಯಬಹುದಿತ್ತು. ಆದರೆ ಡಾಕ್ಟ್ರು ಕುದುರೆಯಿಂದ ಹಾರಿದರು ಎಂದು ನಾಳೆ ಹೋಟೆಲಿನಲ್ಲಿ ಆಗುವ ಮಾತು? ಹೆದರಿಕೆಯಿಲ್ಲ, ದಾರಿಯಲ್ಲಿ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ, ತಾನಾಗಿ ನಿಲ್ಲುತ್ತದೆ ಎಂದು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

ತೋಡಿನ ಆಚೆಯ ಮನೆಯ ಯಜಮಾನರು ನನ್ನನ್ನು ಕಂಡದ್ದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಳೆದ ಸಲ ನಾನು ಅವರಿಗೆ ಜರ್ಸಿ ತಳಿಯ ವಿಷಯದಲ್ಲಿ ಒಂದೂವರೆ ಗಂಟೆ ತಿಳುವಳಿಕೆ ಕೊಟ್ಟಿದ್ದೆ. ಮುಂದಿನ ಮನೆಯ ಹೆಂಗಸು, ಸೂಜಿಗೆ ಬಂದೆನೆಂದು ಹೆದರಿ, ದನವನ್ನು ಎಳೆದುಕೊಂಡು ಹಿತ್ತಿಲಿಗೆ ಓಡಿದಳು. ಮೀನಿನ ಬ್ಯಾರಿಯವರು ಬುಟ್ಟಿಯ ಒಳಗೆ ಏನನ್ನೋ ಹುಡುಕತೊಡಗಿದರು. ಪೇಟೆಯ ಹೋಟೆಲಿನ ಮುಂದೆ ದಿನಾ ಸುಬೇದಾರರಿಗೆ ಕೈ ಎತ್ತುವವರು ಏಳೆಂಟು ಮಂದಿ ಇದ್ದರು. ಗೊರಸಿನ ಸದ್ದಿಗೆ ತಲೆ ಎತ್ತಿ, ಮೇಲೆ ಕುಳಿತವನು ನಾನೆಂದು ಕಂಡು, ಎಲ್ಲರೂ ಚಾದ ಗ್ಲಾಸಿಗೆ ಬಗ್ಗಿದರು. ಹದಿನಾಲ್ಕು ವರ್ಷ ಇದೇ ದಾರಿಯಲ್ಲಿ ನಾನು ಸೈಕಲಿನಲ್ಲಿ ಹೋಗಿದ್ದೇನೆ. ಸೈಕಲಿಗೆ ಬ್ರೇಕ್ ಇದ್ದದ್ದರಿಂದ ಈ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ.

ಗುಲಾಬಿ ಬೆಳ್ಳಾರೆ ಪೇಟೆಯನ್ನು ದಾಟಿ ಪುತ್ತೂರು ರಸ್ತೆ ಹಿಡಿಯಿತು. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ಕೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಎತ್ತಿದರು. ಗುಲಾಬಿ ಸೀದಾ ಅವರ ಮುಂದೆ ಹೋಗಿ ನಿಂತಿತು. ಅಬ್ಬ! ಇಡೀ ಊರಿನಲ್ಲಿ ಒಬ್ಬರಾದರೂ ಇದ್ದಾರಲ್ಲ! ಕಣ್ಣು ತುಂಬಿ ಬಂತು. ಕುದುರೆಯ ಮೇಲಿಂದಲೇ ಎರಡೂ ಕೈ ಜೋಡಿಸಿ, “ನಮಸ್ಕಾರ ಅಮ್ಮ. ಸೌಖ್ಯವಾ? ಮನೆಯಲ್ಲಿ ದನ ಕರು ಎಲ್ಲ ಹೇಗುಂಟು?” ಎಂದು ಕೇಳಿದೆ.

ಅವರು ಕತ್ತು ಉದ್ದ ಮಾಡಿ ನನ್ನ ಹಿಂದುಗಡೆ ನೋಡುತ್ತ, “ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ,” ಎಂದರು. “ನೀವು ಅಡ್ಡ ನಿಂತ್ರೆ ಬಸ್ಸಿನವನಿಗೆ ನಾನು ಕಾಣುದಿಲ್ಲ.”